ಕಾಫಿ ತಳಿಗಳ ತವರು ಸೀಗೋಡು

ಬಾಳೆಹೊನ್ನೂರು ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಭದ್ರಾ ನದಿ ಮತ್ತು ರಂಭಾಪುರಿ ಪೀಠ. ಕಾಫಿ ಬೆಳೆಗಾರರಿಗೆ ಅದರ ಜೊತೆಗೆ ಸೀಗೋಡೂ ನೆನಪಾಗುತ್ತದೆ. ಊರಿನ ಸಮೀಪದ ಆ ಜಾಗದಲ್ಲಿರುವುದು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ಬೆಂಗಳೂರಿನ ಹೊಸ ಕಾಲದ ಕಾಫಿ ಅಂಗಡಿಗಳಲ್ಲಿ ಪೊಟ್ಟಣದ ಮೇಲೆ ಎಸ್.795, ಸೆಲೆಕ್ಷನ್ 9, ಚಂದ್ರಗಿರಿ ಎಂಬ ಹೆಸರುಗಳು ಕಾಣುತ್ತವಲ್ಲ, ಅವೆಲ್ಲ ಇಲ್ಲಿಂದ ತೋಟಗಳಿಗೆ ಹೋದ ತಳಿಗಳು.

ಈ ಸಂಸ್ಥೆ ಹುಟ್ಟಲು ಕಾರಣ ಒಂದು ರೋಗ. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಅಲ್ಲಿನ ಕಾಫಿ ತೋಟಗಳನ್ನು ಹಾಳುಗೆಡವಿತು. ಆ ಜಾಗವನ್ನು ಚಹಾ ಹಿಡಿಯಿತು. ರೋಗ ಮಲೆನಾಡಿಗೂ ಬಂತು. 1915ರಲ್ಲಿ ಮೈಸೂರು ಸರ್ಕಾರ ಕೊಪ್ಪದಲ್ಲಿ ಪುಟ್ಟ ಪ್ರಯೋಗ ಘಟಕ ತೆರೆಯಿತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಮೈಸೂರು ಕಾಫಿ ಪ್ರಯೋಗ ಕೇಂದ್ರ ಶುರುವಾಯಿತು. ಅದಕ್ಕೆ ಕಾರಣರಾದವರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್. ಅಡಿಕೆಯ ಕೊಳೆ ರೋಗವನ್ನು ಅಧ್ಯಯನ ಮಾಡಿ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಮಲೆನಾಡಿಗೆ ಕಲಿಸಿದವರೂ ಅವರೇ. 1940ರ ದಶಕದಲ್ಲಿ ಈ ಪ್ರಯೋಗ ಕೇಂದ್ರವು ಕಾಫಿ ಮಂಡಳಿಯ ಕೈಗೆ ಬಂತು. ಸುಮಾರು 130 ಹೆಕ್ಟೇರ್ ವಿಸ್ತಾರದ ಈ ಆವರಣದಲ್ಲಿ ಅರೇಬಿಕಾವೂ ಇದೆ, ರೋಬಸ್ಟಾವೂ ಇದೆ.

ಇಲ್ಲಿನ ದೊಡ್ಡ ಕೊಡುಗೆ ಎಸ್.795. ಲೈಬೀರಿಕಾದ ಅಂಶವಿದ್ದ ಎಸ್.288 ಎಂಬ ಗಟ್ಟಿ ತಳಿಯನ್ನು ಒಳ್ಳೆಯ ರುಚಿಯ ಕೆಂಟ್ಸ್ ತಳಿಯೊಂದಿಗೆ ಸಂಕರ ಮಾಡಿ ಪಡೆದದ್ದು. 1940ರ ದಶಕದ ಮಧ್ಯಭಾಗದಲ್ಲಿ ಬೆಳೆಗಾರರ ಕೈಸೇರಿದ ಈ ಗಿಡ ಸಮುದ್ರ ದಾಟಿ ಇಂಡೊನೇಷ್ಯಾಕ್ಕೂ ಹೋಗಿ ಅಲ್ಲಿ ಜೆಂಬರ್ ಎನಿಸಿಕೊಂಡಿತು. ತುಕ್ಕು ರೋಗದ ಹೊಸ ಪ್ರಭೇದಗಳ ಮುಂದೆ ಇದರ ಶಕ್ತಿ ಕುಂದಿದೆ. ಆದರೂ ರುಚಿಯ ಕಾರಣಕ್ಕೆ ಬೆಳೆಗಾರರು ಇದನ್ನು ಬಿಟ್ಟಿಲ್ಲ. 2007ರಲ್ಲಿ ಬಿಡುಗಡೆಯಾದ ಗಿಡ್ಡ ತಳಿ ಚಂದ್ರಗಿರಿ ರೋಗಕ್ಕೆ ಚೆನ್ನಾಗಿ ತಡೆಯೊಡ್ಡುತ್ತದೆ, ಬೀಜವೂ ದಪ್ಪ.

ತುಕ್ಕು ರೋಗದ ಜೊತೆಗೆ ಅರೇಬಿಕಾ ಬೆಳೆಗಾರರ ನಿದ್ದೆ ಕೆಡಿಸಿರುವುದು ಬಿಳಿ ಕಾಂಡ ಕೊರಕ ಎಂಬ ಕೀಟ; ತೋಟದವರ ಮಾತಿನಲ್ಲಿ ಬೋರರ್. ದುಂಬಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳ ಕಾಂಡದೊಳಗೆ ತಿಂಗಳುಗಟ್ಟಲೆ ಸುರಂಗ ಕೊರೆಯುತ್ತದೆ. ಹೊರಗೆ ಕಾಣುವುದು ಕಾಂಡದ ಮೇಲಿನ ಉಬ್ಬು ಗೆರೆ ಮತ್ತು ಹಳದಿಗೆ ತಿರುಗಿದ ಎಲೆ ಮಾತ್ರ. ಒಳಹೊಕ್ಕ ಹುಳವನ್ನು ಔಷಧಿಯಿಂದ ಮುಟ್ಟುವುದು ಕಷ್ಟ. ಕಾಂಡವನ್ನು ಉಜ್ಜಿ ಸಡಿಲ ತೊಗಟೆ ತೆಗೆಯಬೇಕು. ಹುಳ ಹಿಡಿದ ಗಿಡವನ್ನು ದುಂಬಿ ಹೊರಬರುವ ಮೊದಲೇ ಕಿತ್ತು ಸುಡಬೇಕು. ಈ ದುಂಬಿಗೆ ಬಿಸಿಲು ಇಷ್ಟ. ಮರಗಸಿಯಲ್ಲಿ, ಅಂದರೆ ನೆರಳು ಮರಗಳ ಕೊಂಬೆ ಕಡಿಯುವಾಗ, ಕೈ ಮೀರಿ ನೆರಳು ತೆಗೆದ ತೋಟದಲ್ಲಿ ಅದರ ಹಾವಳಿ ಹೆಚ್ಚು. ಹಾಲವಾಣ, ಹಲಸು, ಅತ್ತಿ, ಮತ್ತಿ ಮರಗಳ ನೆರಳನ್ನು ಹದವಾಗಿ ಉಳಿಸಿಕೊಂಡರೆ ಗಿಡ ಉಳಿಯುತ್ತದೆ, ಹಕ್ಕಿಗೂ ನೆಲೆ ಸಿಗುತ್ತದೆ, ಮಣ್ಣೂ ತಂಪಾಗಿರುತ್ತದೆ. ನೆರಳಿನಲ್ಲಿ ನಿಧಾನವಾಗಿ ಹಣ್ಣಾದ ಕಾಯಿಗೆ ರುಚಿ ಹೆಚ್ಚು. ಹೀಗಾಗಿ ಪರಿಸರದ ಮಾತು, ಗುಣಮಟ್ಟದ ಮಾತು ಎರಡೂ ತೋಟದಲ್ಲಿ ಒಂದೇ ಕೆಲಸವಾಗಿಬಿಡುತ್ತವೆ.

ಯುರೋಪಿನ ಕೊಳ್ಳುಗರೂ ಈಗ ಪರಿಸರದ ಮಾತನ್ನೇ ಕೇಳುತ್ತಿದ್ದಾರೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಮೀನಿನ ಕಾಫಿಗೆ ತನ್ನ ಮಾರುಕಟ್ಟೆಯಲ್ಲಿ ಜಾಗವಿಲ್ಲ ಎಂಬ ಕಾನೂನನ್ನು ಐರೋಪ್ಯ ಒಕ್ಕೂಟ 2023ರಲ್ಲಿ ರೂಪಿಸಿತು. ನೆರಳಿನ ತೋಟ ಉಳಿಸಿಕೊಂಡ ಕರ್ನಾಟಕಕ್ಕೆ ಇದು ಅನುಕೂಲವಾಗಬೇಕು.

ಆದರೆ ಒಳ್ಳೆಯ ತಳಿ, ಒಳ್ಳೆಯ ನೆರಳು ಇದ್ದ ಮಾತ್ರಕ್ಕೆ ಕಾಫಿಗೆ ಸ್ಪೆಷಾಲಿಟಿ, ಅಂದರೆ ವಿಶೇಷ ಗುಣಮಟ್ಟದ ಕಾಫಿ ಎಂಬ ಹೆಸರು ಸಿಗುವುದಿಲ್ಲ. ರುಚಿ ಪರೀಕ್ಷೆಯಲ್ಲಿ 100ಕ್ಕೆ 80 ಅಂಕವಾದರೂ ಬರಬೇಕು ಎಂಬುದು ವ್ಯಾಪಾರದ ರೂಢಿ. ಅದಕ್ಕೆ ಕೆಂಪು ಹಣ್ಣನ್ನಷ್ಟೇ ಆರಿಸಿ ಕೊಯ್ಯಬೇಕು. ಒಂದೇ ಗಿಡಕ್ಕೆ ಎರಡು ಮೂರು ಸಲ ಆಳು ಹೋಗಬೇಕು. ಅದೇ ದಿನ ಪಲ್ಪಿಂಗ್, ಅಂದರೆ ಹಣ್ಣಿನ ಸಿಪ್ಪೆ ಬಿಡಿಸುವ ಕೆಲಸ ಆಗಬೇಕು, ಅದರಿಂದ ಬರುವ ಕೊಳೆನೀರು ಹಳ್ಳ ಸೇರದಂತೆ ನೋಡಿಕೊಳ್ಳಬೇಕು. ಹೀಗೆ ಸಿಪ್ಪೆ ಬಿಡಿಸಿದ ಬೀಜವನ್ನು, ಅಂದರೆ ಪಾರ್ಚ್‌ಮೆಂಟನ್ನು ಕಣದಲ್ಲಿ ತೆಳ್ಳಗೆ ಹರಡಿ, ಆಗಾಗ ಕೈಯಾಡಿಸಿ, ಇಬ್ಬನಿಗೆ ಮುಚ್ಚಿ ಒಣಗಿಸಬೇಕು. ಇಷ್ಟೂ ಮಾಡಿ ಸಾಮಾನ್ಯ ವ್ಯಾಪಾರಿಯ ಬಳಿಗೆ ಹೋದರೆ ಅವರು ನೋಡುವುದು ತೇವಾಂಶ ಮತ್ತು ಓಟಿ, ಅಂದರೆ ಒಂದು ಚೀಲಕ್ಕೆ ಎಷ್ಟು ಬೇಳೆ ಸಿಗುತ್ತದೆ ಎಂಬ ಲೆಕ್ಕ. ರುಚಿಗೆ ಅಲ್ಲಿ ಬೆಲೆಯಿಲ್ಲ. ದೇಶದ ಕಾಫಿ ಹಿಡುವಳಿಗಳಲ್ಲಿ 100ಕ್ಕೆ 98ಕ್ಕೂ ಹೆಚ್ಚು 10 ಹೆಕ್ಟೇರ್‌ಗಿಂತ ಚಿಕ್ಕವು. ಆಳಿನ ಕೊರತೆಯ ಈ ಕಾಲದಲ್ಲಿ ಸಣ್ಣ ಬೆಳೆಗಾರ ಯಾವ ಧೈರ್ಯದ ಮೇಲೆ ಹಣ್ಣು ಆರಿಸಿ ಕೊಯ್ಯಬೇಕು?

ನೂರು ವರ್ಷ ತುಂಬಿದ ಸೀಗೋಡು ತಳಿ ಕೊಟ್ಟಿದೆ, ತಿಳಿವಳಿಕೆ ಕೊಟ್ಟಿದೆ. ಬೆಲೆ ಕೊಡುವುದು ಅದರ ಕೈಯಲ್ಲಿಲ್ಲ. ಅದು ಕೊಳ್ಳುವವರ ಕೈಯಲ್ಲಿದೆ. ದುಬಾರಿ ಪೊಟ್ಟಣದ ಮೇಲೆ ತಳಿಯ ಹೆಸರು ಮುದ್ರಿಸುವ ರೋಸ್ಟರ್‌ಗಳು ತೋಟಕ್ಕೆ ಕೊಟ್ಟ ಬೆಲೆಯನ್ನೂ ಮುದ್ರಿಸಲಿ. ಕಾಫಿ ಕುಡಿಯುವ ನಾವೂ ಅದನ್ನು ಕೇಳಿ ಕೊಳ್ಳೋಣ.