ಬ್ರಷ್ ನಾಲ್ಕೇ ಸಾಕು, ಲೇಯರ್ ಲೆಕ್ಕ ಗೊತ್ತಿರಲಿ!

ಆಫೀಸ್ ಮುಗಿಸಿ, ಊಟ ಆದಮೇಲೆ ಚಿತ್ರ ಬರೆಯೋಕೆ ಸಿಗೋದೇ ದಿನಕ್ಕೆ ಒಂದು ಗಂಟೆ. ಅದರಲ್ಲಿ ಅರ್ಧ ಗಂಟೆ ಹೊಸ ಬ್ರಷ್ ಪ್ಯಾಕ್ ಹುಡುಕೋದರಲ್ಲೇ ಹೋದರೆ? ಹೀಗೇ ನಾಲ್ಕು ವಾರ ಕಳೆದು, ‘ನನ್ನ ಕೈಲಾಗಲ್ಲ ಬಿಡಿ’ ಅಂತ ಪೆನ್ ಟ್ಯಾಬ್ಲೆಟ್ಟನ್ನು ಅಟ್ಟಕ್ಕೆ ಹಾಕಿದವರು ನಮ್ಮ ನಡುವೆ ಬೇಕಾದಷ್ಟಿದ್ದಾರೆ. ಎಷ್ಟೋ ಸಲ ಕೊರತೆ ಕೈಯದ್ದಲ್ಲ, ಸಾಫ್ಟ್‌ವೇರ್ ಹೇಗೆ ಕೆಲಸ ಮಾಡುತ್ತೆ ಅನ್ನೋದು ಗೊತ್ತಿಲ್ಲದಿರೋದು ಅಷ್ಟೇ.

ಉದಾಹರಣೆಗೆ ಕ್ರಿಟಾ ತಗೊಳ್ಳೋಣ. ಲ್ಯಾಪ್‌ಟಾಪಿಗೆ ಪೂರ್ತಿ ಉಚಿತ, ಓಪನ್ ಸೋರ್ಸ್. ಬರೆಯಬೇಕಾಗಿರೋದು ಮಲ್ಲಿಗೆ ಮುಡಿದ ಅಜ್ಜಿಯ ಚಿತ್ರ ಅಂತಿಟ್ಟುಕೊಳ್ಳಿ.

ಮೊದಲು ಬ್ರಷ್

ಸ್ಕೆಚ್‌ಗೆ ಪೆನ್ಸಿಲ್, ಗೆರೆಗೆ ಇಂಕ್, ಬಣ್ಣ ತುಂಬೋಕೆ ಗಟ್ಟಿ ಅಂಚಿನ ದುಂಡು ಬ್ರಷ್, ಬೆರೆಸೋಕೆ ಒಂದು ಮೆತ್ತನೆಯದು. ಒಂದು ತಿಂಗಳು ಈ ನಾಲ್ಕನ್ನೇ ಬಳಸಿ. ಮೆತ್ತನೆ ಬ್ರಷ್ ಎಲ್ಲ ಕಡೆ ಓಡಾಡಿದರೆ ಮುಖ ಮಂಜು ಮುಂಜು ಆಗುತ್ತೆ. ಕೆನ್ನೆಗೆ ಸರಿ, ಮೂಗುತಿಗೆ ಬೇಡ.

ಒಪಾಸಿಟಿ, ಫ್ಲೋ ಎರಡೂ ಒಂದೇ ಅಲ್ಲ. ಬ್ರಷ್ಷಿನ ಒಂದು ಗೀಟು ಅಂದರೆ ಸಾಲಾಗಿ ಒತ್ತಿದ ನೂರಾರು ಮುದ್ರೆಗಳು. ಪ್ರತಿ ಮುದ್ರೆಗೆ ಎಷ್ಟು ಬಣ್ಣ ಅನ್ನೋದು ಫ್ಲೋ. ‘ವಾಶ್’ ಮೋಡ್‌ನಲ್ಲಿ, ಪೆನ್ ಎತ್ತದೆ ಎಷ್ಟೇ ಉಜ್ಜಿದರೂ ಬಣ್ಣ ದಾಟಬಾರದ ಮಿತಿ ಒಪಾಸಿಟಿ.

ಗೆರೆ ನಡುಗುತ್ತಾ? ಟೂಲ್ ಆಪ್ಷನ್ಸ್‌ನಲ್ಲಿ ಬ್ರಷ್ ಸ್ಮೂದಿಂಗ್ ಅನ್ನು ‘ಸ್ಟೆಬಿಲೈಸರ್’ಗೆ ಬದಲಿಸಿ. ಗೆರೆ ಪೆನ್ನಿಗಿಂತ ಸ್ವಲ್ಪ ಹಿಂದೆ ಬರುತ್ತೆ, ಆದರೆ ನಯವಾಗಿ ಬರುತ್ತೆ. ಕೀಬೋರ್ಡಿನ ಇಂಗ್ಲಿಷ್ ‘ಇ’ ಒತ್ತಿದರೆ ಕೈಯಲ್ಲಿರೋ ಬ್ರಷ್ಷೇ ರಬ್ಬರ್ ಆಗುತ್ತೆ. ಅಳಿಸಿದ ಅಂಚೂ ಬರೆದ ಅಂಚೂ ಒಂದೇ ಥರ ಕಾಣುತ್ತೆ.

ಈಗ ಲೇಯರ್

ಸ್ಕೆಚ್, ಗೆರೆ, ಮೂಲ ಬಣ್ಣ, ನೆರಳು, ಬೆಳಕು: ಐದು ಲೇಯರ್ ಸಾಕು. ಹೆಸರು ಕೊಡಿ, ‘ಲೇಯರ್ 17’ ಏನಂತ ನಾಳೆ ನಿಮಗೇ ನೆನಪಿರಲ್ಲ. 300 ಡಿಪಿಐ ಎ4 ಹಾಳೆ ಅಂದರೆ 2480 × 3508 ಪಿಕ್ಸೆಲ್. ಪಿಕ್ಸೆಲ್‌ಗೆ 4 ಬೈಟ್ ಹಿಡಿದರೆ ಪೂರ್ತಿ ತುಂಬಿದ ಒಂದು ಲೇಯರ್‌ಗೆ ಸುಮಾರು 35 ಎಂಬಿ. ಐವತ್ತು ಲೇಯರ್ ಆದಾಗ ಲ್ಯಾಪ್‌ಟಾಪ್ ಯಾಕೆ ಏದುಸಿರು ಬಿಡುತ್ತೆ ಅಂತ ಗೊತ್ತಾಯಿತಲ್ಲ?

ನೆರಳಿನ ಲೇಯರನ್ನು ‘ಮಲ್ಟಿಪ್ಲೈ’ ಮಾಡಿ. ಇದು ನಿಜಕ್ಕೂ ಗುಣಾಕಾರವೇ. ಕಪ್ಪು 0, ಬಿಳಿ 1 ಅಂದುಕೊಳ್ಳಿ. ಕೆಳಗೆ 0.8 ಇದ್ದು ಮೇಲೆ 0.5 ಹಾಕಿದರೆ ಸಿಗೋದು 0.4. ಅಂದರೆ ಕೆಳಗಿನ ಬಣ್ಣ ಮುಚ್ಚಿಹೋಗದೆ ಕಪ್ಪೇರುತ್ತೆ, ಸೀರೆಯ ಅಂಚು ನೆರಳಿನಲ್ಲೂ ಕಾಣುತ್ತೆ. ಬರೀ ಬೂದು ಬಳಸಿದರೆ ಚರ್ಮ ಕಳೆಗುಂದುತ್ತೆ. ತಿಳಿ ನೇರಳೆ ಹಾಕಿ ನೋಡಿ.

ನೆರಳು ಮುಖದಾಚೆ ಚೆಲ್ಲಬಾರದು ಅಂದರೆ ‘ಇನ್‌ಹೆರಿಟ್ ಆಲ್ಫಾ’ ಇದೆ. ಹೆಚ್ಚಿನವರು ಮುಗ್ಗರಿಸೋದು ಇಲ್ಲೇ. ಅದು ತನ್ನ ಕೆಳಗಿರೋ ಎಲ್ಲ ಲೇಯರ್‌ಗಳನ್ನೂ ನೋಡುತ್ತೆ. ತಳದಲ್ಲಿ ಬಿಳಿ ಹಿನ್ನೆಲೆ ಇದ್ದರೆ ಇಡೀ ಹಾಳೆಯೇ ಅದಕ್ಕೆ ಹದ್ದು, ಹಾಗಾಗಿ ಬಟನ್ ಒತ್ತಿದರೂ ಏನೂ ಆದಂತೆ ಕಾಣಲ್ಲ. ಮುಖದ ಬಣ್ಣ, ಅದರ ನೆರಳು ಎರಡನ್ನೂ ಒಂದೇ ಗ್ರೂಪಿಗೆ ಹಾಕಿ. ಆಗ ಗ್ರೂಪಿನ ಒಳಗಷ್ಟೇ ನೋಡುತ್ತೆ. ಮುಖದ ಲೇಯರ್ ಆಯ್ಕೆ ಮಾಡಿ ಕಂಟ್ರೋಲ್+ಶಿಫ್ಟ್+ಜಿ ಒತ್ತಿದರೆ ಈ ಗ್ರೂಪ್ ತಾನೇ ತಯಾರಾಗುತ್ತೆ. ಫೋನಿನಲ್ಲಿ ಐಬಿಸ್ ಪೇಂಟ್ ಬಳಸುವವರಿಗೆ ಇದೇ ಕೆಲಸಕ್ಕೆ ‘ಕ್ಲಿಪ್ಪಿಂಗ್’ ಇದೆ.

ಮುಗಿಸೋ ಮುನ್ನ

ಆಗಾಗ ಝೂಮ್ ಔಟ್ ಮಾಡಿ ಇಡೀ ಚಿತ್ರ ನೋಡಿ. ಇಂಗ್ಲಿಷ್ ‘ಎಂ’ ಒತ್ತಿದರೆ ಚಿತ್ರ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗುತ್ತೆ, ಓರೆಯಾದ ಕಣ್ಣು ತಕ್ಷಣ ಸಿಕ್ಕಿಬೀಳುತ್ತೆ. ವಾಟ್ಸ್ಆ್ಯಪ್‌ಗೆ ಪಿಎನ್‌ಜಿ ಕಳಿಸಿ, ಆದರೆ ಕೆಆರ್‌ಎ ಫೈಲ್ ಉಳಿಸಿಕೊಳ್ಳಿ. ಲೇಯರ್‌ಗಳೆಲ್ಲ ಬಿಡಿಬಿಡಿಯಾಗಿ ಉಳಿಯೋದು ಅದರಲ್ಲೇ. ‘ಮೂಗುತಿ ಎಡಕ್ಕಲ್ಲ, ಬಲಕ್ಕೆ’ ಅಂತ ಅಜ್ಜಿ ತಕರಾರು ತೆಗೆದರೆ ಐದು ನಿಮಿಷದಲ್ಲಿ ಸರಿಮಾಡಿ ಕೊಡಬಹುದು!