ದೆಹಲಿಯ ಗಾಳಿಗೆ ನಮ್ಮ ದೇಹ ‘ಒಗ್ಗಿಹೋಗುತ್ತದೆಯೇ’?



ಕಳೆದ ನವೆಂಬರ್‌ನಲ್ಲಿ ವಸಂತ್ ಕುಂಜ್‌ನ ನನ್ನ ಕ್ಲಿನಿಕ್‌ಗೆ ಹಾಸನ ಕಡೆಯ ಹಿರಿಯರೊಬ್ಬರು ಬಂದಿದ್ದರು. ವಯಸ್ಸು 71, ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಹೃದಯಕ್ಕೆ ಒಂದು ಸ್ಟೆಂಟ್ ಹಾಕಿದೆ. ಮೂರು ವರ್ಷದಿಂದ ಇಲ್ಲೇ ಮಗಳ ಮನೆಯಲ್ಲಿದ್ದಾರೆ. ಬೆಳಿಗ್ಗೆ ಐದೂವರೆಗೆ ವಾಕಿಂಗ್ ಹೋಗುವುದು ರೂಢಿ. ಇತ್ತೀಚೆಗೆ ಎರಡು ಮಹಡಿ ಹತ್ತಿದರೆ ಎದೆ ಬಿಗಿದಂತಾಗುತ್ತಿತ್ತು.

“ಹೊಗೆ ಕವಿದಿರುವಾಗ ಹೊರಗೆ ಹೋಗಬೇಡಿ ಸಾರ್” ಎಂದೆ.

“ಅಯ್ಯೋ ಡಾಕ್ಟ್ರೇ, ಮೂರು ವರ್ಷ ಆಯ್ತಲ್ಲ, ದೇಹ ಒಗ್ಗಿಕೊಂಡಿದೆ. ಡಾರ್ವಿನ್ ಹೇಳಿಲ್ವೇ, ಪರಿಸರಕ್ಕೆ ತಕ್ಕಂತೆ ಜೀವಿ ಬದಲಾಗುತ್ತೆ ಅಂತ?”

ಮಗಳು ನನ್ನ ಮುಖ ನೋಡಿದರು. ಈ ಮಾತು ಮೇಷ್ಟ್ರೊಬ್ಬರದ್ದಲ್ಲ. “ನಮ್ಮ ಮಗು ಇಲ್ಲೇ ಹುಟ್ಟಿದ್ದು, ಅದಕ್ಕೆ ಈ ಗಾಳಿ ಅಭ್ಯಾಸ” ಎನ್ನುವ ತಂದೆ-ತಾಯಿಯರನ್ನೂ ವಾರಕ್ಕೊಬ್ಬರಂತೆ ನೋಡುತ್ತೇನೆ. ಆದ್ದರಿಂದ ಈ ವಾರ ನೈಸರ್ಗಿಕ ಆಯ್ಕೆ ಎಂದರೇನು, ಏನಲ್ಲ ಎಂಬುದನ್ನು ನೋಡೋಣ.

*ಮೊದಲು, ವಿಷಯ ಇಷ್ಟೇ*

ಊರಿನ ರಾಗಿ ಹೊಲವನ್ನು ನೆನೆಸಿಕೊಳ್ಳಿ. ಎಲ್ಲ ಗಿಡಗಳೂ ಒಂದೇ ಥರ ಇರುವುದಿಲ್ಲ. ಮಳೆ ಕೈಕೊಟ್ಟ ವರ್ಷ ಬಹಳಷ್ಟು ಒಣಗುತ್ತವೆ, ಕೆಲವು ಮಾತ್ರ ತೆನೆ ಕಟ್ಟುತ್ತವೆ. ಮುಂದಿನ ವರ್ಷದ ಬೀಜ ಬರುವುದು ಆ ಕೆಲವು ಗಿಡಗಳಿಂದಲೇ. ಹೀಗೇ ನಡೆದರೆ ಹಲವು ವರ್ಷಗಳಲ್ಲಿ ಹೊಲದ ತುಂಬ ಬರ ತಡೆಯುವ ಗಿಡಗಳೇ ಹೆಚ್ಚಾಗುತ್ತವೆ.

ಗಮನಿಸಿ, ಒಣಗುತ್ತಿದ್ದ ಗಿಡ ಯಾವುದೂ ಬರಕ್ಕೆ ‘ಒಗ್ಗಲಿಲ್ಲ’. ತಡೆಯುವ ಗುಣ ಹುಟ್ಟಿನಿಂದಲೇ ಇದ್ದವು ಉಳಿದವು, ಉಳಿದವು ಹೋದವು. 1858ರಲ್ಲಿ ಡಾರ್ವಿನ್ ಮತ್ತು ವ್ಯಾಲೇಸ್ ಲೋಕದ ಮುಂದಿಟ್ಟ ವಿಚಾರದ ತಿರುಳು ಇದು. ವ್ಯತ್ಯಾಸ ಇರಬೇಕು, ಅದು ಮಕ್ಕಳಿಗೆ ಬರುವಂತಿರಬೇಕು, ಅದರಿಂದ ಸಂತಾನದ ಸಂಖ್ಯೆ ಹೆಚ್ಚು-ಕಡಿಮೆ ಆಗಬೇಕು. ಬದಲಾಗುವುದು ಒಬ್ಬ ವ್ಯಕ್ತಿಯಲ್ಲ, ತಲೆಮಾರುಗಳಲ್ಲಿ ಇಡೀ ಸಮೂಹ.

*ತಪ್ಪು ತಿಳಿವಳಿಕೆ 1: “ಇದ್ದಲ್ಲಿಗೆ ದೇಹ ಒಗ್ಗಿಹೋಗುತ್ತೆ”*

ಒಗ್ಗುವುದು ಮೂಗು ಮಾತ್ರ. ನಾಲ್ಕು ದಿನಕ್ಕೆ ಹೊಗೆಯ ವಾಸನೆ ಗೊತ್ತಾಗುವುದಿಲ್ಲ. ಆದರೆ ಪಿಎಂ 2.5 ಎಂಬ ಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ, ರಕ್ತನಾಳಗಳಲ್ಲಿ ಉರಿಯೂತ ಹೆಚ್ಚಿಸುತ್ತವೆ, ಹೃದಯಾಘಾತದ ಅಪಾಯ ಏರಿಸುತ್ತವೆ. ನಮ್ಮ ದೇಶದ ಮಾನದಂಡದ ಪ್ರಕಾರ 24 ಗಂಟೆಯ ಸರಾಸರಿ ಘನ ಮೀಟರ್‌ಗೆ 60 ಮೈಕ್ರೋಗ್ರಾಂ ದಾಟಬಾರದು. ದೆಹಲಿಯ ನವೆಂಬರ್‌ನಲ್ಲಿ ಅದರ ಹಲವು ಪಟ್ಟು ಇರುತ್ತದೆ. ಮೂರು ವರ್ಷವಲ್ಲ, ಮೂವತ್ತು ವರ್ಷವಾದರೂ ಇದಕ್ಕೆ ರಕ್ತನಾಳ ಒಗ್ಗುವುದಿಲ್ಲ.

ಇನ್ನೊಂದು ಮಾತು. ಹೊಗೆಯಿಂದ ನೈಸರ್ಗಿಕ ಆಯ್ಕೆ ನಡೆಯಬೇಕಾದರೆ, ಹೊಗೆ ತಾಳದವರು ಮಕ್ಕಳಾಗುವ ಮೊದಲೇ ಸಾಯಬೇಕು ಇಲ್ಲವೇ ಅವರಿಗೆ ಮಕ್ಕಳು ಕಡಿಮೆಯಾಗಬೇಕು, ಅದೂ ತಲೆಮಾರುಗಟ್ಟಲೆ. ಯಾವ ತಂದೆ-ತಾಯಿಗೆ ಇಂಥ ‘ಒಗ್ಗುವಿಕೆ’ ಬೇಕು?

*ತಪ್ಪು ತಿಳಿವಳಿಕೆ 2: “ಗಟ್ಟಿಯಾದವರೇ ಉಳಿಯುವುದು”*

‘ಯೋಗ್ಯರ ಉಳಿವು’ ಎಂಬ ಪದವನ್ನು 1864ರಲ್ಲಿ ಮೊದಲು ಬಳಸಿದವರು ಹರ್ಬರ್ಟ್ ಸ್ಪೆನ್ಸರ್. ಯೋಗ್ಯ ಎಂದರೆ ಬಲಶಾಲಿ ಎಂದಲ್ಲ. ಆ ಜಾಗದಲ್ಲಿ, ಆ ಕಾಲದಲ್ಲಿ ಹೆಚ್ಚು ಸಂತಾನ ಉಳಿಸಿದ್ದು ಎಂದಷ್ಟೇ. ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಬುಡಕಟ್ಟುಗಳಲ್ಲಿ ಸಿಕಲ್ ಸೆಲ್ ರಕ್ತಹೀನತೆ ಇದೆ. ಅದರ ಜೀನ್ ತಂದೆ-ತಾಯಿ ಇಬ್ಬರಿಂದಲೂ ಬಂದರೆ ಕಠಿಣ ಕಾಯಿಲೆ. ಒಬ್ಬರಿಂದ ಮಾತ್ರ ಬಂದರೆ ತೀವ್ರ ಮಲೇರಿಯಾದಿಂದ ರಕ್ಷಣೆ. ಮಲೇರಿಯಾ ಇರುವ ಕಾಡಿನಲ್ಲಿ ಲಾಭ ಕೊಟ್ಟ ಜೀನ್, ಸೊಳ್ಳೆಯಿಲ್ಲದ ಊರಿನಲ್ಲಿ ಬರೀ ಹೊರೆ.

*ತಪ್ಪು ತಿಳಿವಳಿಕೆ 3: “ಕೆಟ್ಟದ್ದನ್ನು ಪ್ರಕೃತಿಯೇ ತೆಗೆದುಹಾಕುತ್ತೆ”*

ಇದು ನನ್ನ ವಿಭಾಗದ್ದು. ಹೃದಯದ ಸ್ನಾಯುವಿಗೆ ಬೇಕಾದ ಒಂದು ಪ್ರೋಟೀನಿನ ಜೀನ್ ಹೆಸರು ಎಂವೈಬಿಪಿಸಿ3. ಅದರಲ್ಲಿ 25 ಅಕ್ಷರಗಳು ಬಿಟ್ಟುಹೋಗಿರುವ ಒಂದು ರೂಪ ದಕ್ಷಿಣ ಏಷ್ಯಾದವರಲ್ಲಿ ಸುಮಾರು ಶೇ. 4ರಷ್ಟು ಜನರಿಗಿದೆ, ಅಂದರೆ 25 ಜನರಲ್ಲಿ ಒಬ್ಬರಿಗೆ. ಹೈದರಾಬಾದ್‌ನ ಸಿಸಿಎಂಬಿ ವಿಜ್ಞಾನಿಗಳೂ ಸೇರಿದ್ದ ತಂಡ ಇದನ್ನು 2009ರಲ್ಲಿ ಪ್ರಕಟಿಸಿತು. ಇದು ಹೃದಯ ವೈಫಲ್ಯದ ಅಪಾಯದೊಂದಿಗೆ ತಳುಕು ಹಾಕಿಕೊಂಡಿದೆ. ಇರುವವರೆಲ್ಲರಿಗೂ ಕಾಯಿಲೆ ಬರುವುದಿಲ್ಲ, ಗಾಬರಿ ಬೇಡ.

ಇಷ್ಟು ಸಾವಿರ ವರ್ಷ ಇದು ಉಳಿದದ್ದು ಹೇಗೆ? ತೊಂದರೆ ಸಾಮಾನ್ಯವಾಗಿ ಕಾಣುವುದು ನಡುವಯಸ್ಸಿನ ನಂತರ. ಅಷ್ಟರಲ್ಲಿ ಮಕ್ಕಳಾಗಿ, ಜೀನ್ ಮುಂದಕ್ಕೆ ಹೋಗಿಯಾಗಿರುತ್ತದೆ. ಐವತ್ತು ದಾಟಿದ ಹೃದಯವನ್ನು ಕಾಯುವ ಕೆಲಸ ನೈಸರ್ಗಿಕ ಆಯ್ಕೆಗೆ ಇಲ್ಲವೆಂದೇ ಹೇಳಬೇಕು. ಆ ಕೆಲಸ ನಮ್ಮದು.

*ತಪ್ಪು ತಿಳಿವಳಿಕೆ 4: “ಆಂಟಿಬಯಾಟಿಕ್‌ಗೆ ನನ್ನ ದೇಹ ಒಗ್ಗಿಬಿಟ್ಟಿದೆ”*

ನಿಮ್ಮ ದೇಹವಲ್ಲ, ಬ್ಯಾಕ್ಟೀರಿಯಾ. ಅನುಕೂಲ ಸಿಕ್ಕರೆ ಕೆಲವು ಬ್ಯಾಕ್ಟೀರಿಯಾಗಳು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ, ಹಾಗಾಗಿ ಅವುಗಳ ಆಯ್ಕೆ ನಮ್ಮ ಕಣ್ಣೆದುರೇ ನಡೆಯುತ್ತದೆ. ಔಷಧಿಗೆ ಬಗ್ಗದವು ಉಳಿದು ಬೆಳೆಯುತ್ತವೆ. ಪ್ರಬಲ ಆಂಟಿಬಯಾಟಿಕ್‌ಗಳನ್ನೂ ಕೆಡಿಸುವ ಎನ್‌ಡಿಎಂ-1 ಎಂಬ ಕಿಣ್ವದ ಹೆಸರಿನಲ್ಲೇ ನ್ಯೂ ಡೆಲ್ಲಿ ಇದೆ. ನೆಗಡಿಗೆಂದು ಮೆಡಿಕಲ್ ಶಾಪ್‌ನಿಂದ ನೀವೇ ಮಾತ್ರೆ ತಂದು ನುಂಗಬೇಡಿ.

*ಹಾಗಾದರೆ ಏನು ಮಾಡಬೇಕು?*

• ಊರಿನಿಂದ ಬಂದ ಅಪ್ಪ-ಅಮ್ಮನನ್ನು ಚಳಿಗಾಲದ ನಸುಕಿನಲ್ಲಿ ವಾಕಿಂಗ್‌ಗೆ ಬಿಡಬೇಡಿ. ಎಕ್ಯೂಐ ನೋಡಿ, ಬಿಸಿಲೇರಿ ಗಾಳಿ ಸುಧಾರಿಸಿದ ಮೇಲೆ ಹೋಗಲಿ. ಕೆಟ್ಟ ದಿನಗಳಲ್ಲಿ ಮನೆಯೊಳಗೇ ನಡೆಯಲಿ.
• ಹೊರಗೆ ಹೋಗಲೇಬೇಕಾದರೆ ಎನ್95 ಮಾಸ್ಕ್. ಕರವಸ್ತ್ರ ಸಾಲದು.
• ಬಿಪಿ, ಸಕ್ಕರೆ, ಹೃದಯದ ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ.
• ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದರೆ ಅಥವಾ ‘ಹಾರ್ಟ್ ದೊಡ್ಡದಾಗಿದೆ’ ಎಂದು ಹೇಳಿಸಿಕೊಂಡಿದ್ದರೆ, ವೈದ್ಯರಿಗೆ ತಿಳಿಸಿ. ಇಸಿಜಿ, ಎಕೋ ಬೇಕಾಗಬಹುದು.
• ಎದೆ ಬಿಗಿತ, ಏದುಸಿರು, ತಣ್ಣನೆಯ ಬೆವರು ಕಂಡರೆ ‘ಗ್ಯಾಸ್ಟ್ರಿಕ್’ ಎಂದು ಕಾಯಬೇಡಿ. 112ಕ್ಕೆ ಕರೆ ಮಾಡಿ.

ಮೇಷ್ಟ್ರ ಕಥೆ ಹೇಳಿಬಿಡುತ್ತೇನೆ. ಆಂಜಿಯೋಗ್ರಾಂನಲ್ಲಿ ಇನ್ನೊಂದು ರಕ್ತನಾಳ ಕಿರಿದಾಗಿರುವುದು ಕಂಡಿತು. ಸಮಯಕ್ಕೆ ಬಂದಿದ್ದರಿಂದ ಚಿಕಿತ್ಸೆ ಆಯಿತು. ಈಗ ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ಅದೂ ಎಕ್ಯೂಐ ನೋಡಿಯೇ ನಡೆಯುತ್ತಾರೆ. ಹೋದ ತಿಂಗಳು ಬಂದಾಗ ನಕ್ಕು ಹೇಳಿದರು: “ಮೂವತ್ತು ವರ್ಷ ಪಾಠ ಮಾಡಿದೆ ಡಾಕ್ಟ್ರೇ, ಡಾರ್ವಿನ್ ಈಗ ಅರ್ಥ ಆದ.”

ಹಿರಿಯರು ಜೊತೆಗಿರುವ ನಿಮ್ಮ ಬಂಧುಮಿತ್ರರಿಗೂ ಇದನ್ನು ಕಳಿಸಿ. ಆರೋಗ್ಯವಾಗಿರಿ.