ಬೆರಳೊತ್ತಿಗೆ ಕೆಮ್ಮು ಬಗ್ಗೀತೆ?

ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಕೆಮ್ಮು ಒಂಟಿಯಾಗಿ ಬರುವುದು ಕಡಿಮೆ. ಏದುಸಿರೂ ಬಳಲಿಕೆಯೂ ಜೊತೆಗಿದ್ದು, ಒಂದು ಹೆಚ್ಚಿದರೆ ಉಳಿದೆರಡೂ ಕೆರಳುವುದರಿಂದ ಈ ಮೂರನ್ನೂ ಒಂದೇ ಲಕ್ಷಣಗುಚ್ಛವೆಂದು ಪರಿಗಣಿಸುವುದುಂಟು. ಕೆಮ್ಮು ತಗ್ಗಿಸುವ ಕೊಡೀನ್, ಮಾರ್ಫಿನ್‌ಗಳು ತೂಕಡಿಕೆ, ಮಲಬದ್ಧತೆಗಳನ್ನೂ ತರುತ್ತವೆಯಾದ್ದರಿಂದ, ಮೈಮೇಲಿನ ನಿರ್ದಿಷ್ಟ ಬಿಂದುಗಳನ್ನು ಬೆರಳಿನಿಂದ ಒತ್ತುವ ಆಕ್ಯುಪ್ರೆಶರ್‌ನತ್ತ ಸಂಶೋಧಕರ ಗಮನ ಹರಿದಿದೆ.

ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಪ್ರಾಥಮಿಕ ಪ್ರಯೋಗದಲ್ಲಿ 107 ರೋಗಿಗಳಿದ್ದರು. ಒಂದು ಗುಂಪಿಗೆ ಎಂದಿನ ಆರೈಕೆಯಷ್ಟೇ ದೊರೆತರೆ, ಇನ್ನೊಂದಕ್ಕೆ ಅದರೊಡನೆ ಉಸಿರಾಟವನ್ನು ಹತೋಟಿಗೆ ತರುವ ಅಭ್ಯಾಸ, ಕೆಮ್ಮನ್ನು ಶಮನಗೊಳಿಸುವ ಉಪಾಯ ಮತ್ತು ಆಕ್ಯುಪ್ರೆಶರ್ ಮೂರನ್ನೂ ಕಲಿಸಲಾಯಿತು. ತೊಡಕಿರುವುದು ಇಲ್ಲಿಯೇ. ಹುಣಸೆ, ಬೆಲ್ಲ, ಖಾರ ಬೆರೆತ ಗೊಜ್ಜನ್ನು ಒಮ್ಮೆ ಚಪ್ಪರಿಸಿ, ರುಚಿ ಬಂದದ್ದು ಬೆಲ್ಲದಿಂದಲೇ ಎಂದು ಹೇಳಲಾಗದು. ಬೆಲ್ಲ ಬಿಟ್ಟು ಇನ್ನೊಂದು ಗೊಜ್ಜು ಮಾಡಿ ನೋಡಬೇಕು. ಒತ್ತುವಿಕೆಯನ್ನು ಮಾತ್ರ ಕೈಬಿಟ್ಟ ಗುಂಪು ಈ ಪ್ರಯೋಗದಲ್ಲಿ ಇರಲಿಲ್ಲವಾದ್ದರಿಂದ, ಇದರಲ್ಲಿ ಕಂಡ ಯಾವುದೇ ಸುಧಾರಣೆಯನ್ನು ಆಕ್ಯುಪ್ರೆಶರ್‌ನ ಗೆಲುವೆಂದು ಸಾರುವುದು ಅವಸರದ ಮಾತು.

ಕೆಮ್ಮಿನ ಸ್ವಭಾವವೂ ಪರೀಕ್ಷೆಯನ್ನು ಕಠಿಣಗೊಳಿಸುತ್ತದೆ. ಶ್ವಾಸನಾಳದ ಕೆರಳಿಕೆಯನ್ನು ವೇಗಸ್ ನರವು ಮೆದುಳಿನ ಬುಡದಲ್ಲಿರುವ ಮೆಡುಲ್ಲಾಕ್ಕೆ ಮುಟ್ಟಿಸಿದಾಗ ಕೆಮ್ಮು ತಾನಾಗಿ ಹೊಮ್ಮುತ್ತದೆ. ಆದರೆ ಸಭೆಯಲ್ಲಿ ಕುಳಿತವರು ಅದನ್ನು ಕೊಂಚ ಹೊತ್ತು ತಡೆಹಿಡಿಯಬಲ್ಲರೆಂಬುದು, ಮೆದುಳಿನ ಮೇಲ್ಪದರಕ್ಕೂ ಅದರ ಮೇಲೆ ಹಿಡಿತವಿದೆಯೆಂಬುದಕ್ಕೆ ಸಾಕ್ಷಿ. ಹಾಗಾಗಿ ಗುಣವಾಗುವ ನಂಬಿಕೆಯೂ ಕೆಮ್ಮನ್ನು ತಗ್ಗಿಸಬಹುದು. ಕಾರ್ಡಿಫ್ ವಿಶ್ವವಿದ್ಯಾಲಯದ ರಾನ್ ಎಕಲ್ಸ್ ಅವರು 2002ರಲ್ಲಿ, ನೆಗಡಿ ಕೆಮ್ಮಿನ ಔಷಧ ಪ್ರಯೋಗಗಳನ್ನು ಪರಿಶೀಲಿಸಿ, ಕಂಡುಬಂದ ಇಳಿಕೆಯಲ್ಲಿ ಶೇ. 85ರವರೆಗೂ ಪ್ಲಸೀಬೊ, ಅಂದರೆ ಔಷಧಾಂಶವಿಲ್ಲದ ಹುಸಿ ಮದ್ದು, ತರುವ ಪರಿಣಾಮವೇ ಇರಬಹುದೆಂದು ತೋರಿಸಿದರು. ಹುಸಿ ಗುಳಿಗೆ ಮಾಡುವುದು ಸುಲಭ, ಹುಸಿ ಒತ್ತುವಿಕೆ ಸುಲಭವಲ್ಲ: ತಪ್ಪು ಬಿಂದುವನ್ನು ಒತ್ತಿದರೂ ಚರ್ಮದ ನರಗಳು ಮಿಡಿಯುತ್ತವೆ, ಆರೈಕೆಯ ಸ್ಪರ್ಶ ನೆಮ್ಮದಿ ಕೊಡುತ್ತದೆ.

ಆದರೂ ಹುಸಿ ಚಿಕಿತ್ಸೆಯೊಡನೆ ಹೋಲಿಸಿ ನೋಡುವುದು ಅಸಾಧ್ಯವಲ್ಲ. ಮಣಿಕಟ್ಟಿನ ಗೆರೆಯಿಂದ ಮೂರು ಬೆರಳಗಲ ಮೇಲಿರುವ ಪಿ6 ಬಿಂದುವನ್ನು ಪ್ರಚೋದಿಸಿದರೆ ಶಸ್ತ್ರಚಿಕಿತ್ಸೆಯ ಬಳಿಕದ ಓಕರಿಕೆ ಹುಸಿ ಚಿಕಿತ್ಸೆಗಿಂತ ಹೆಚ್ಚು ತಗ್ಗುವುದೆಂದು, 59 ಪ್ರಯೋಗಗಳನ್ನು ಒಗ್ಗೂಡಿಸಿದ ಕಾಕ್ರೇನ್ ಸಂಸ್ಥೆಯ 2015ರ ಪರಾಮರ್ಶೆ ಹೇಳಿತು. ಕ್ಯಾನ್ಸರ್ ಕೆಮ್ಮಿನ ಆಕ್ಯುಪ್ರೆಶರ್‌ಗೆ ಅಂಥ ಬೆಂಬಲವಿಲ್ಲ. ವೈದ್ಯರು ಕೊಟ್ಟ ಔಷಧದೊಡನೆ ಮೃದುವಾಗಿ ಒತ್ತಿಸಿಕೊಳ್ಳುವುದರಿಂದ ಸಾಮಾನ್ಯವಾಗಿ ಹಾನಿಯಿಲ್ಲವಾದರೂ, ಕಿಮೋಥೆರಪಿಯಿಂದ ಪ್ಲೇಟ್‌ಲೆಟ್ ಇಳಿದವರಲ್ಲಿ ಚರ್ಮದಡಿ ರಕ್ತ ಒಸರಬಹುದು, ಕ್ಯಾನ್ಸರ್ ತಗುಲಿ ದುರ್ಬಲವಾದ ಮೂಳೆ ಒತ್ತಡವನ್ನು ತಾಳಲಾರದು. ಕಫದಲ್ಲಿ ರಕ್ತ ಕಂಡವರು, ಉಸಿರು ಹಠಾತ್ತನೆ ಕಟ್ಟಿದವರು ಬಿಂದು ಹುಡುಕುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು.